ದುರ್ಬೀನು ಕೊಳ್ಳುವವರಿಗೆ: ತೋಟದ ನೆರಳಿಗೂ ಆಟಿಯ ಮಳೆಗೂ ತಕ್ಕದ್ದನ್ನು ಆರಿಸುವುದು ಹೇಗೆ?

ನಮ್ಮ ಮನೆಯ ಹಿಂದಿನ ಗುಡ್ಡೆಯಲ್ಲಿ ಒಂದು ಹಳೆಯ ಕಾಸರಕನ ಮರ ಉಂಟು. ಕಾಸರಗೋಡಿಗೆ ಹೆಸರು ಬಂದದ್ದು ಈ ಮರದಿಂದ ಎಂದು ಹಿರಿಯರು ಹೇಳುವುದನ್ನು ಕೇಳಿಯೇ ಬೆಳೆದವರು ನಾವು. 2023ರಲ್ಲಿ ಜಿಲ್ಲೆಯ ಅಧಿಕೃತ ಮರ ಎಂದು ಘೋಷಿಸಿದ್ದೂ ಇದನ್ನೇ. ಕಾಯಿ ಹಣ್ಣಾಗಿ ಕಿತ್ತಳೆ ಬಣ್ಣಕ್ಕೆ ತಿರುಗಿತೆಂದರೆ ಮಂಗಟ್ಟೆಗಳು ಬಂದು ಕೂರುತ್ತವೆ. ಬೀಜದಲ್ಲಿ ವಿಷ ಇರುವ ಆ ಹಣ್ಣನ್ನು ಕೊಕ್ಕಿನ ತುದಿಯಲ್ಲಿ ಕಿತ್ತು, ಮೇಲಕ್ಕೆ ಚಿಮ್ಮಿ ಗಂಟಲಿಗೆ ಹಾಕಿಕೊಳ್ಳುವುದನ್ನು ಬರಿಗಣ್ಣಿನಿಂದಲೂ ನೋಡಬಹುದು. ಆದರೆ ಮಂಗಟ್ಟೆಗೆ ರೆಪ್ಪೆಗೂದಲು ಇದೆ ಎಂಬುದು ನನಗೆ ಗೊತ್ತಾದದ್ದು ಒಳ್ಳೆಯ ಬೈನಾಕ್ಯುಲರ್ ಕೈಗೆ ಬಂದ ಮೇಲೆ. ಇಪ್ಪತ್ತು ಮೀಟರ್ ದೂರದ ಕೊಂಬೆಯಲ್ಲಿ ತಲೆ ಓರೆ ಮಾಡಿ ಕೂತಿತ್ತು. ಕಣ್ಣಿನ ಮೇಲೆ ಸಾಲಾಗಿ, ಕಪ್ಪಗೆ, ಕಾಡಿಗೆ ತೀಡಿದ ಹಾಗೆ ರೆಪ್ಪೆ. ಹೆಚ್ಚಿನ ಹಕ್ಕಿಗಳಿಗೆ ಅದಿಲ್ಲ. ಅದೇ ಮರವನ್ನು, ಅದೇ ಹಕ್ಕಿಯನ್ನು ವರ್ಷಗಟ್ಟಲೆ ನೋಡಿದ್ದೆ; ರೆಪ್ಪೆ ಮಾತ್ರ ಆ ದಿನ ಮೊದಲು ಕಂಡಿತು.

ಅದಕ್ಕೂ ಮುಂಚೆ ನನ್ನಲ್ಲಿ ಇನ್ನೊಂದು ಇತ್ತು. 20×50 ಎಂದು ದೊಡ್ಡದಾಗಿ ಬರೆದದ್ದು, ಪೇಟೆಯ ಒಂದು ಅಂಗಡಿಯಲ್ಲಿ ಕೊಂಡದ್ದು. "ಇಪ್ಪತ್ತು ಪಟ್ಟು ಹತ್ತಿರ ಕಾಣುತ್ತದೆ, ಇದಕ್ಕಿಂತ ಒಳ್ಳೆಯದು ಎಂತ ಬೇಕು?" ಎಂದು ಅಂಗಡಿಯವರು ಹೇಳಿದ ಮಾತನ್ನು ನಂಬಿದೆ. ಅಡಿಕೆ ತೋಟದೊಳಗೆ ಹಿಡಿದರೆ ಎಲ್ಲ ಕಪ್ಪು. ಕಣ್ಣಿಗೆ ಇಟ್ಟ ಕೂಡಲೇ ಚಿತ್ರ ಗಡಗಡ ನಡುಗುತ್ತಿತ್ತು. ಒಂದು ಮಳೆಗಾಲ ಕಳೆದು ಚೀಲದಿಂದ ಹೊರಗೆ ತೆಗೆದಾಗ ಗಾಜಿನ ಒಳಗಡೆ ಜೇಡನ ಬಲೆಯಂತೆ ಬೂಷ್ಟು ಹಬ್ಬಿತ್ತು. ಆ ಹಣ ಹೋಯಿತು, ಅದಕ್ಕಿಂತ ಹೆಚ್ಚಾಗಿ ಎರಡು ವರ್ಷ ಹೋಯಿತು. ಈ ಬರಹ ಅದರಿಂದ ಹುಟ್ಟಿದ್ದು. ಬೇರೆ ಊರಿನವರು ಬರೆದ ಸಲಹೆಗಳು ನಮಗೆ ಅರ್ಧಂಬರ್ಧ ಮಾತ್ರ ಹೊಂದುತ್ತವೆ. ನಮ್ಮಲ್ಲಿ ಬೈನಾಕ್ಯುಲರಿಗೆ ಎರಡು ಪರೀಕ್ಷೆ: ಒಂದು ನೆರಳು, ಇನ್ನೊಂದು ಮಳೆ. ದೂರ ಎಂಬುದು ಆಮೇಲಿನ ಮಾತು.

ಮೊದಲ ಹೆಜ್ಜೆ: ಎಲ್ಲಿ ನಿಂತು ನೋಡುತ್ತೀರಿ?

ಅಂಗಡಿಗೆ ಹೋಗುವ ಮುಂಚೆ ಒಂದು ವಾರ ಸುಮ್ಮನೆ ಗಮನಿಸಿ. ನೀವು ಹಕ್ಕಿ ನೋಡುವುದು ಹೆಚ್ಚಾಗಿ ಎಲ್ಲಿ, ಯಾವ ಹೊತ್ತಿಗೆ?

ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯವರಾದರೆ ಉತ್ತರ ಸುಲಭ: ಅಡಿಕೆ ತೋಟ, ತೋಡಿನ ಬದಿ, ಮನೆಯ ಹಿಂದಿನ ಕಾಡು. ಹಕ್ಕಿ ಹತ್ತರಿಂದ ನಲವತ್ತು ಮೀಟರಿನೊಳಗೆ ಇರುತ್ತದೆ, ಆದರೆ ನೆರಳಿನಲ್ಲಿ ಇರುತ್ತದೆ. ಚಳಿಗಾಲಕ್ಕೆ ಬರುವ ನವರಂಗ ತರಗೆಲೆಯ ಮೇಲೆ ಕುಪ್ಪಳಿಸುವುದು ಸೂರ್ಯ ಸರಿಯಾಗಿ ಏರುವ ಮುಂಚೆ. ಕಪ್ಪೆಬಾಯಿ ಹಕ್ಕಿ ಹಗಲಿಡೀ ಒಣಗಿದ ಎಲೆಯ ಹಾಗೆ ಪೊದೆಯೊಳಗೆ ಕೂತಿರುತ್ತದೆ. ಇಲ್ಲಿ ಬೇಕಾದದ್ದು ಬೆಳಕು ಹಿಡಿಯುವ ಗಾಜು, ಅಗಲವಾದ ನೋಟ.

ಕುಂಬಳೆ, ಶಿರಿಯ, ಮೊಗ್ರಾಲಿನ ಅಳಿವೆಯ ಕಡೆಯವರಿಗೆ ಬೇರೆ ಲೆಕ್ಕ. ಮರಳ ದಿಣ್ಣೆಯಲ್ಲಿ ಗೊರವಗಳೂ ಕಡಲಕ್ಕಿಗಳೂ ಇನ್ನೂರು ಮುನ್ನೂರು ಮೀಟರ್ ದೂರದಲ್ಲಿ ಇರುತ್ತವೆ, ಬೆಳಕಿಗೆ ಕೊರತೆ ಇಲ್ಲ. ಜಿಲ್ಲೆಯ ಹಕ್ಕಿಯೆಂದು ಘೋಷಣೆಯಾದ ಬಿಳಿಹೊಟ್ಟೆಯ ಕಡಲ ಹದ್ದು ತುಂಬಾ ಮೇಲೆ ಸುತ್ತುತ್ತಿದ್ದರೆ ಅದನ್ನು ಗರುಡನಿಂದ ಬೇರೆ ಮಾಡಿ ಗುರುತಿಸಲು ಬಾಲದ ಆಕಾರ, ರೆಕ್ಕೆಯ ಅಂಚಿನ ಬೂದು ಬಣ್ಣ ಕಾಣಬೇಕು. ಚಂದ್ರಗಿರಿ ಹೊಳೆಯ ಬದಿಯಲ್ಲಿ ದೈತ್ಯ ಮೆದುಚಿಪ್ಪಿನ ಆಮೆಗಾಗಿ ಕಾಯುವವರಿಗೆ ನೀರಿನ ಮೇಲೆ ಕಾಣುವುದು ಮೂಗಿನ ತುದಿ ಮಾತ್ರ. ಇಂಥವರಿಗೆ ಸ್ವಲ್ಪ ಹೆಚ್ಚು ಪಟ್ಟು ದೊಡ್ಡದು ಮಾಡುವುದು ಉಪಯೋಗಕ್ಕೆ ಬರುತ್ತದೆ.

ಪಕ್ಷಿಗ್ರಾಮವೆಂದು ಹೆಸರಾದ ಕಿದೂರಿನಂತಹ ಕಡೆ ಎರಡೂ ಸೇರಿರುತ್ತವೆ: ಮುರಕಲ್ಲಿನ ಪದವು (ಎತ್ತರದ ಬಯಲು ನೆಲ), ಅದರ ಅಂಚಿನಲ್ಲಿ ದಟ್ಟ ಪೊದೆ. ರಾಣಿಪುರದ ಹುಲ್ಲುಗಾವಲು, ಶೋಲಾ ಕಾಡೂ ಹಾಗೆಯೇ.

ಎರಡನೆಯ ಹೆಜ್ಜೆ: ಆ ಎರಡು ಅಂಕಿಗಳನ್ನು ಓದಲು ಕಲಿಯಿರಿ

ಬೈನಾಕ್ಯುಲರಿನ ಮೇಲೆ 8×42 ಎಂದು ಇದ್ದರೆ, 8 ಎಂದರೆ ಎಂಟು ಪಟ್ಟು. ಎಂಬತ್ತು ಮೀಟರ್ ದೂರದ ಹಕ್ಕಿ ಹತ್ತು ಮೀಟರಿನಲ್ಲಿ ಕೂತಂತೆ ಕಾಣುತ್ತದೆ. 42 ಎಂದರೆ ಮುಂದಿನ ಗಾಜಿನ ಅಡ್ಡಳತೆ, ಮಿಲಿಮೀಟರಿನಲ್ಲಿ.

ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿ. 42 ÷ 8 = 5.25. ಕಣ್ಣಿನ ಕಡೆಯ ಗಾಜಿನಿಂದ ಹೊರಬರುವ ಬೆಳಕಿನ ಬಿಲ್ಲೆ ಅಷ್ಟು ಮಿಲಿಮೀಟರ್ ಅಗಲ ಎಂದರ್ಥ. ನಮ್ಮ ಕಣ್ಣಿನ ಪಾಪೆ ನಡು ಹಗಲಿನಲ್ಲಿ ಎರಡು ಮೂರು ಮಿಲಿಮೀಟರ್ ಇರುತ್ತದೆ, ಮುಸ್ಸಂಜೆಗೆ ಅಗಲವಾಗುತ್ತದೆ. ಎಳೆಯರಲ್ಲಿ ಏಳರವರೆಗೂ ಹೋದೀತು, ವಯಸ್ಸಾದವರಲ್ಲಿ ಸಾಧಾರಣವಾಗಿ ಐದರ ಆಚೀಚೆಗೆ ನಿಲ್ಲುತ್ತದೆ. ಬಿಲ್ಲೆ ಪಾಪೆಗಿಂತ ಚಿಕ್ಕದಾದರೆ ಚಿತ್ರ ಕಪ್ಪಿಡುತ್ತದೆ. ನನ್ನ ಹಳೆಯ 20×50ರ ಲೆಕ್ಕ ಹಾಕಿ: ಬರೀ 2.5. ತೋಟದಲ್ಲಿ ಕತ್ತಲೆ ಯಾಕೆ ಎಂದು ಆಗ ಅರ್ಥವಾಗಿರಲಿಲ್ಲ, ಭಾಗಾಕಾರ ಮಾಡಿದ ದಿನ ಅರ್ಥವಾಯಿತು. 10×42ಕ್ಕೆ 4.2, 8×32ಕ್ಕೆ 4, 8×25ಕ್ಕೆ 3ಕ್ಕಿಂತ ಸ್ವಲ್ಪ ಹೆಚ್ಚು. 7×50ಕ್ಕೆ 7 ದಾಟುತ್ತದೆ, ಆದರೆ ಅರುವತ್ತು ದಾಟಿದವರ ಪಾಪೆಗೆ ಅಷ್ಟು ಬೆಳಕು ಒಳಗೆ ಹೋಗುವುದೇ ಇಲ್ಲ, ಭಾರ ಹೊತ್ತದ್ದಷ್ಟೇ ಬಂತು.

ಪಟ್ಟು ಹೆಚ್ಚಾದಷ್ಟೂ ಕೈಯ ನಡುಕವೂ ಅಷ್ಟೇ ಪಟ್ಟು ಹೆಚ್ಚುತ್ತದೆ. ಹತ್ತಕ್ಕಿಂತ ಮೇಲಿನದನ್ನು ಕೈಯಲ್ಲಿ ಹಿಡಿದು ನೋಡುವುದು ಕಷ್ಟ, ಸ್ಟ್ಯಾಂಡ್ ಬೇಕು. ನೋಟದ ಅಗಲವೂ ಕಿರಿದಾಗುತ್ತದೆ. ಒಂದು ಸಾವಿರ ಮೀಟರ್ ದೂರದಲ್ಲಿ ಎಷ್ಟು ಮೀಟರ್ ಅಗಲ ಕಾಣುತ್ತದೆ ಎಂದು ಪೆಟ್ಟಿಗೆಯ ಮೇಲೆ ಬರೆದಿರುತ್ತಾರೆ. ಡಿಗ್ರಿಯಲ್ಲಿ ಬರೆದಿದ್ದರೆ ಒಂದು ಡಿಗ್ರಿಗೆ ಸುಮಾರು 17.5 ಮೀಟರ್ ಎಂದು ಗುಣಿಸಿ. ಒಂದೇ ಕಂಪೆನಿಯಲ್ಲಿ, ಒಂದೇ ಅಂಕಿಯಲ್ಲಿ ಇದು ಎಷ್ಟು ಬೇರೆಯಾಗುತ್ತದೆ ಎಂದರೆ, ನಿಕಾನ್ ಮೊನಾರ್ಕ್ ಎಂ5 8×42ರಲ್ಲಿ 6.4 ಡಿಗ್ರಿ, ಎಂದರೆ 112 ಮೀಟರ್; ಅದರ ಅಣ್ಣ ಎಂ7 8×42ರಲ್ಲಿ 8.3 ಡಿಗ್ರಿ, 145 ಮೀಟರ್. ಅಡಿಕೆ ಮರದ ಸೋಗೆಯಿಂದ ಸೋಗೆಗೆ ಹಾರುವ ಕಾಜಾಣವನ್ನು ಹಿಂಬಾಲಿಸುವಾಗ ಈ ವ್ಯತ್ಯಾಸ ಕೈಗೆ ಗೊತ್ತಾಗುತ್ತದೆ.

ನನ್ನ ತೀರ್ಮಾನ ಇಷ್ಟು: ತೋಟ, ಕಾಡಿನ ಬದಿಯವರು 8×42 ತೆಗೆದುಕೊಳ್ಳಿ. ಸದಾ ಅಳಿವೆಯಲ್ಲೇ, ಪದವಿನಲ್ಲೇ ನೋಡುವವರಿಗೆ 10×42 ಸರಿ. ಕುತ್ತಿಗೆ ನೋವು ಇರುವವರು, ಮಕ್ಕಳಿಗೆ ಕೊಡಿಸುವವರು 8×32 ನೋಡಿ. ಬೆಳಕು ಸ್ವಲ್ಪ ಕಡಿಮೆ, ಭಾರವೂ ಸಾಕಷ್ಟು ಕಡಿಮೆ. 42ರ ಗಾಜು 32ರದ್ದಕ್ಕಿಂತ ಸುಮಾರು ಒಂದೂ ಮುಕ್ಕಾಲು ಪಟ್ಟು ಬೆಳಕು ಹಿಡಿಯುತ್ತದೆ ಎಂಬುದನ್ನು ಮಾತ್ರ ಮರೆಯಬೇಡಿ. "ಝೂಮ್" ಬೈನಾಕ್ಯುಲರ್ ಬೇಡ. ಕೆಂಪಗೆ ಹೊಳೆಯುವ ಗಾಜಿನದ್ದೂ ಬೇಡ: ಆ ಲೇಪ ಕೆಂಪು ಬೆಳಕನ್ನು ಹೊರಗೇ ತಳ್ಳಿಬಿಡುತ್ತದೆ, ಹಕ್ಕಿಯ ನಿಜವಾದ ಬಣ್ಣ ಕೆಡುತ್ತದೆ. ಜಾತ್ರೆಯಲ್ಲಿ, ಆನ್‌ಲೈನಿನಲ್ಲಿ 30×60 ಎಂದು ಅಂಗೈಯಗಲದ್ದು ಕಂಡರೆ ಒಂದು ಸ್ಕೇಲ್ ತೆಗೆದು ಮುಂದಿನ ಗಾಜನ್ನು ಅಳೆಯಿರಿ. 60 ಮಿಲಿಮೀಟರ್ ಎಂದರೆ ಆರು ಸೆಂಟಿಮೀಟರ್. ಅಲ್ಲಿ ಅದರ ಅರ್ಧವೂ ಇರುವುದಿಲ್ಲ.

ಬೇಟೆಯ ಬೈನಾಕ್ಯುಲರ್ ಎಂಬ ಮಾತು

ಹುಡುಕುವಾಗ "ಬೇಟೆಗೆ ಒಳ್ಳೆಯದು" ಎಂಬ ಹೆಸರಿನಲ್ಲಿ 8×56, 10×50ರಂತಹ ದೊಡ್ಡವು, ದೂರ ಅಳೆಯುವ ಲೇಸರ್ ಇರುವವು ಸಿಗುತ್ತವೆ. ಅವು ಬೇಟೆಗೆ ಕಾನೂನಿನ ಒಪ್ಪಿಗೆ ಇರುವ ದೇಶಗಳಿಗಾಗಿ ಮಾಡಿದವು. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಡಿ ಬೇಟೆ ಅಪರಾಧ. ತೋಟ ಹಾಳು ಮಾಡುವ ಕಾಡುಹಂದಿಯ ವಿಷಯದಲ್ಲಿ ಕೇರಳ ಸರಕಾರ 2022ರಲ್ಲಿ ಸ್ಥಳೀಯಾಡಳಿತದ ಮುಖ್ಯಸ್ಥರಿಗೆ ಅಧಿಕಾರ ಕೊಟ್ಟಿತು. ಅದು ಅವರ ಆದೇಶದ ಮೇಲೆ, ಪರವಾನಗಿ ಇರುವ ಕೋವಿಯವರಿಂದ ನಡೆಯಬೇಕಾದ ಕೆಲಸ. ವಿಷ, ಕರೆಂಟಿನ ತಂತಿಗೆ ಅದರಲ್ಲಿ ಜಾಗವಿಲ್ಲ. ನವಿಲು, ಕಾಡುಪಾಪ, ಚಿಪ್ಪುಹಂದಿ ಇವುಗಳಿಗೆ ಕಾಯಿದೆಯ ಅತಿ ಬಿಗಿಯಾದ ರಕ್ಷಣೆ ಇದೆ.

ಹಾಗಿದ್ದರೂ ಬೇಟೆಗಾರರ ಲೆಕ್ಕಾಚಾರದಿಂದ ನಾವು ಕಲಿಯಬೇಕಾದದ್ದು ಒಂದುಂಟು: ಮುಸ್ಸಂಜೆ. ಎರಡು ಅಂಕಿಗಳನ್ನು ಗುಣಿಸಿ ವರ್ಗಮೂಲ ತೆಗೆದರೆ ಮುಸ್ಸಂಜೆಯ ಅಂಕ ಸಿಗುತ್ತದೆ. 8×42ಕ್ಕೆ 18.3, 10×42ಕ್ಕೆ 20.5, 8×56ಕ್ಕೆ 21.2. ಅಂಕ ಹೆಚ್ಚಿದ್ದಷ್ಟೂ ಮಬ್ಬಿನಲ್ಲಿ ವಿವರ ಕಾಣುವ ಸಾಧ್ಯತೆ ಹೆಚ್ಚು, ಆದರೆ ಗಾಜು ಒಳ್ಳೆಯದಿದ್ದರೆ ಮಾತ್ರ. ಕಳಪೆ 20×50ಕ್ಕೂ ಈ ಲೆಕ್ಕದಲ್ಲಿ 31.6 ಬರುತ್ತದೆ ಎಂಬುದನ್ನು ನೋಡಿದರೆ ಈ ಅಂಕವನ್ನು ಒಂದೇ ನಂಬಿ ಕೂರಬಾರದು ಎಂದು ತಿಳಿಯುತ್ತದೆ. ದೇಲಂಪಾಡಿ, ಕಾರಡ್ಕ, ಮುಳಿಯಾರು ಕಡೆ ಆನೆ ಇಳಿಯುವ ಊರುಗಳವರಿಗೆ ಇದು ಹಕ್ಕಿ ನೋಡುವ ಖುಷಿಯ ವಿಷಯ ಮಾತ್ರವಲ್ಲ. ಗದ್ದೆಯ ಆಚೆ ಬದಿಯಲ್ಲಿ ನಿಂತ ಕಪ್ಪು ಆಕೃತಿ ಬಂಡೆಯೋ ಆನೆಯೋ ಎಂದು ಇನ್ನೂರು ಮೀಟರ್ ಈಚೆಗೇ ಗೊತ್ತಾಗುವುದು ಜೀವದ ಪ್ರಶ್ನೆ.

ಮೂರನೆಯ ಹೆಜ್ಜೆ: ಗಾಜು ಮತ್ತು ಲೇಪ

ಇಲ್ಲಿಂದ ಬೆಲೆಯ ವ್ಯತ್ಯಾಸ ಶುರುವಾಗುತ್ತದೆ. ಒಂದೇ 8×42, ಎಂಟು ಸಾವಿರಕ್ಕೂ ಉಂಟು, ಎರಡು ಲಕ್ಷ ದಾಟಿದ್ದೂ ಉಂಟು.

ಬೈನಾಕ್ಯುಲರಿನೊಳಗೆ ಬೆಳಕು ಹತ್ತಾರು ಗಾಜಿನ ಮೈಗಳನ್ನು ದಾಟಿ ಬರಬೇಕು. ಲೇಪವಿಲ್ಲದ ಪ್ರತಿಯೊಂದು ಮೈಯಲ್ಲೂ ಸುಮಾರು ನೂರಕ್ಕೆ ನಾಲ್ಕು ಪಾಲು ಬೆಳಕು ಹಿಂದಕ್ಕೆ ಹೋಗುತ್ತದೆ. ಹತ್ತು ಮೈ ದಾಟುವಷ್ಟರಲ್ಲಿ ಮೂರನೆಯ ಒಂದು ಪಾಲು ಕಳೆದುಹೋಯಿತು. ಹಾಗಾಗಿ ಪೆಟ್ಟಿಗೆಯ ಮೇಲೆ "ಫುಲ್ಲಿ ಮಲ್ಟಿಕೋಟೆಡ್" ಎಂದೇ ಇರಬೇಕು. ಬರೀ "ಕೋಟೆಡ್", "ಮಲ್ಟಿಕೋಟೆಡ್" ಎಂದಿದ್ದರೆ ಕೆಲವು ಮೈಗಳಿಗೆ ಮಾತ್ರ ಲೇಪ ಹಚ್ಚಿದ್ದಾರೆ ಎಂದು ತಿಳಿಯಿರಿ.

ತಲೆಕೆಳಗಾದ ಚಿತ್ರವನ್ನು ನೇರ ಮಾಡುವ ಒಳಗಿನ ಗಾಜಿನ ತುಂಡು, ಎಂದರೆ ಪ್ರಿಸ್ಮ್, ಎರಡು ಬಗೆಯದ್ದು. ಮುಂದಿನ ಎರಡು ಗಾಜುಗಳ ನಡುವಿನ ಅಂತರ ಕಣ್ಣಿನ ಕಡೆಯದಕ್ಕಿಂತ ಹೆಚ್ಚಿದ್ದು, ಭುಜ ಉಬ್ಬಿದ ಹಾಗೆ ಕಾಣುವುದು ಪೊರ್ರೊ; ಇಟಲಿಯ ಇಗ್ನಾಜಿಯೊ ಪೊರ್ರೊ 1854ರಲ್ಲಿ ಪೇಟೆಂಟ್ ಪಡೆದ ರಚನೆ. ನೇರ ಕೊಳವೆಯಂತೆ ಇರುವುದು ರೂಫ್ ಪ್ರಿಸ್ಮ್. ಕಡಿಮೆ ಬೆಲೆಯಲ್ಲಿ ಪೊರ್ರೊ ಒಳ್ಳೆಯ ಚಿತ್ರ ಕೊಡುತ್ತದೆ, ಇದು ಸತ್ಯ. ರೂಫ್ ಪ್ರಿಸ್ಮಿನಲ್ಲಿ ಬೆಳಕು ಎರಡಾಗಿ ಒಡೆದು ಮತ್ತೆ ಸೇರುವುದರಿಂದ, ಆ ಎರಡನ್ನು ಹೊಂದಿಸುವ ಫೇಸ್ (phase) ಲೇಪ ಇಲ್ಲದಿದ್ದರೆ ಚಿತ್ರದ ಹರಿತ ಕಡಿಮೆಯಾಗುತ್ತದೆ. ಝೈಸ್ ಕಂಪೆನಿ 1988ರಲ್ಲಿ ಈ ಲೇಪ ತಂದ ಮೇಲೆಯೇ ರೂಫ್ ಬೈನಾಕ್ಯುಲರ್ ನಿಜವಾಗಿ ಮುಂದೆ ಬಂದದ್ದು. ಇಂದು ಹತ್ತು ಹದಿನೈದು ಸಾವಿರದ ಮಟ್ಟದಲ್ಲೂ ಅದು ಸಿಗುತ್ತದೆ. "ಫೇಸ್ ಕರೆಕ್ಟೆಡ್" ಎಂಬ ಮಾತು ಇಲ್ಲದ ರೂಫ್ ಬೈನಾಕ್ಯುಲರ್ ಕೊಳ್ಳಬೇಡಿ. ಅದರ ಜತೆ "ಡೈಎಲೆಕ್ಟ್ರಿಕ್" ಲೇಪವೂ ಇದ್ದರೆ ಇನ್ನಷ್ಟು ಬೆಳಕು.

ಹಾಗಾದರೆ ಅಗ್ಗದಲ್ಲಿ ಪೊರ್ರೊ ತೆಗೆದುಕೊಳ್ಳಬಹುದಲ್ಲ? ಬಯಲುಸೀಮೆಯ ಗೆಳೆಯರು ಕೇಳಿದರೆ ಧಾರಾಳವಾಗಿ ತೆಗೆದುಕೊಳ್ಳಿ ಎನ್ನುತ್ತೇನೆ. ನಮ್ಮ ಊರಿನವರಿಗೆ ಹೇಳುವುದಿಲ್ಲ. ಕಾರಣ ಮುಂದಿನ ಹೆಜ್ಜೆಯಲ್ಲಿದೆ.

ಪ್ರಿಸ್ಮಿನ ಗಾಜು ಬಿಎಕೆ-4 ಆಗಿರಲಿ, ಬಿಕೆ-7 ಬೇಡ. ಇ.ಡಿ. ಗಾಜು ಎಂಬುದು ಬಣ್ಣದ ಅಂಚನ್ನು ಕಡಿಮೆ ಮಾಡುತ್ತದೆ. ಬಿಳಿ ಆಕಾಶದ ಎದುರು ಕರೆಂಟು ತಂತಿಯಲ್ಲಿ ಕೂತ ಕಾಗೆಯನ್ನು ನೋಡಿ: ಅಗ್ಗದ್ದರಲ್ಲಿ ಕಾಗೆಯ ಸುತ್ತ ನೇರಳೆ, ಹಸಿರು ಅಂಚು ಕಟ್ಟುತ್ತದೆ. ನಮ್ಮ ಹಕ್ಕಿಗಳಲ್ಲಿ ಅರ್ಧದಷ್ಟನ್ನು ನಾವು ತಲೆಯೆತ್ತಿ, ಆಕಾಶದ ಎದುರೇ ನೋಡುವುದರಿಂದ ಹಣ ಇದ್ದರೆ ಇ.ಡಿ.ಗೆ ಕೊಡುವುದು ದಂಡವಲ್ಲ.

ನಾಲ್ಕನೆಯ ಹೆಜ್ಜೆ: ಮಳೆ

ಇದೇ ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗಿಂತ ಹೆಚ್ಚು ಮಳೆ ಬೀಳುವ ಊರು ನಮ್ಮದು. ಜೂನ್‌ನಲ್ಲಿ ಹಿಡಿದದ್ದು ಸೆಪ್ಟೆಂಬರಿನವರೆಗೆ ಬಿಡುವುದಿಲ್ಲ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಆಟಿ ತಿಂಗಳಲ್ಲಿ ಕಪಾಟಿನೊಳಗಿನ ರೇಷ್ಮೆ ಸೀರೆಗೂ ಬೂಷ್ಟು, ಚರ್ಮದ ಚಪ್ಪಲಿಗೂ ಬೂಷ್ಟು. ಬೈನಾಕ್ಯುಲರಿನ ಗಾಜು ಅದಕ್ಕೆ ಹೊರತಲ್ಲ. ಗಾಜಿನ ಮೇಲಿನ ಫಂಗಸ್ ಲೇಪವನ್ನೇ ತಿನ್ನುತ್ತದೆ. ಒಮ್ಮೆ ಗುರುತು ಬಿದ್ದರೆ ಒರೆಸಿದರೂ ಹೋಗುವುದಿಲ್ಲ. ಒಳಗಿನ ಗಾಜಿಗೆ ಹಿಡಿದರೆ ಬಿಚ್ಚಬೇಕು, ಬಿಚ್ಚಿದರೆ ಎರಡು ಕೊಳವೆಗಳ ನೇರ ತಪ್ಪುತ್ತದೆ, ಅದನ್ನು ಸರಿ ಮಾಡಬಲ್ಲವರು ಹತ್ತಿರದಲ್ಲಿ ಸಿಗುವುದು ಕಷ್ಟ.

ಅದಕ್ಕಾಗಿ ನೀರು ಹೋಗದಂತೆ ಮುಚ್ಚಿದ, ಒಳಗೆ ನೈಟ್ರೋಜನ್ ಅಥವಾ ಆರ್ಗಾನ್ ತುಂಬಿದ ಬೈನಾಕ್ಯುಲರ್ ಆಗಲೇಬೇಕು. ಒಣ ಅನಿಲ ತುಂಬಿದ್ದರೆ ಒಳಗೆ ಮಂಜು ಕಟ್ಟುವುದಿಲ್ಲ, ಫಂಗಸಿಗೆ ಬೇಕಾದ ತೇವವೂ ಸಿಗುವುದಿಲ್ಲ. "ವಾಟರ್ ರೆಸಿಸ್ಟೆಂಟ್" ಎಂದರೆ ನಾಲ್ಕು ಹನಿ ತಡೆಯುತ್ತದೆ, ಅಷ್ಟೇ. "ವಾಟರ್‌ಪ್ರೂಫ್" ಎಂದಿರಲಿ, ಐಪಿಎಕ್ಸ್7 ಎಂದಿದ್ದರೆ ಇನ್ನೂ ಒಳ್ಳೆಯದು. ಒಂದು ಮೀಟರ್ ಆಳದ ನೀರಿನಲ್ಲಿ ಮೂವತ್ತು ನಿಮಿಷ ಇಟ್ಟರೂ ತಾಳಬೇಕು ಎಂಬುದು ಅದರ ಅರ್ಥ. ಅಗ್ಗದ ಪೊರ್ರೊಗಳಲ್ಲಿ ಫೋಕಸ್ ತಿರುಗಿಸುವಾಗ ಕಣ್ಣಿನ ಕಡೆಯ ಭಾಗ ಹೊರಗೆ ಒಳಗೆ ಸರಿಯುತ್ತದೆ, ಸರಿಯುವಾಗೆಲ್ಲ ಹೊರಗಿನ ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತದೆ. ನಮ್ಮ ಜುಲೈ ತಿಂಗಳ ಗಾಳಿ ಅದು. ಹೇಳಿದೆನಲ್ಲ, ಪೊರ್ರೊ ಬೇಡ ಎಂದದ್ದು ಇದಕ್ಕೆ.

ಐದನೆಯ ಹೆಜ್ಜೆ: ಕನ್ನಡಕ, ಕೈ, ಕುತ್ತಿಗೆ

ಕನ್ನಡಕ ಹಾಕುವವರು ಐ ರಿಲೀಫ್ ಎಂಬ ಅಂಕಿ ನೋಡಿ: ಕಣ್ಣು ಗಾಜಿನಿಂದ ಎಷ್ಟು ದೂರ ಇದ್ದರೂ ಪೂರ್ತಿ ನೋಟ ಸಿಗುತ್ತದೆ ಎಂಬ ಅಳತೆ ಅದು. 16 ಮಿಲಿಮೀಟರಿಗಿಂತ ಕಡಿಮೆ ಇದ್ದರೆ ಕನ್ನಡಕದ ಮೂಲಕ ಪೂರ್ತಿ ನೋಟ ಸಿಗುವುದಿಲ್ಲ, ಕಿಟಿಕಿಯ ಸಂದಿಯಲ್ಲಿ ಇಣುಕಿದ ಹಾಗೆ ಆಗುತ್ತದೆ. ಕಣ್ಣಿನ ಬಟ್ಟಲು ತಿರುಗಿಸಿ ಏರಿಸಿ ಇಳಿಸುವಂಥದ್ದಾಗಿರಲಿ: ಕನ್ನಡಕ ಇದ್ದವರಿಗೆ ಪೂರ್ತಿ ಕೆಳಗೆ, ಇಲ್ಲದವರಿಗೆ ಮೇಲೆ.

ಭಾರ 650–700 ಗ್ರಾಮಿನ ಆಸುಪಾಸು ಇದ್ದರೆ ಸರಿ. ಕುತ್ತಿಗೆಗೆ ಜೋತು ಹಾಕುವ ಪಟ್ಟಿಯ ಬದಲು ಬೆನ್ನಿನ ಮೇಲೆ ಅಡ್ಡ ಬರುವ ಹಾರ್ನೆಸ್ ಪಟ್ಟಿ ಬೇರೆ ಕೊಂಡರೆ ಗುಡ್ಡೆ ಹತ್ತುವಾಗ ಎದೆಗೆ ಬಡಿಯುವುದಿಲ್ಲ. ಹತ್ತಿರದ ಫೋಕಸ್ ಎರಡು ಮೀಟರಿಗೆ ಬಂದರೆ ಅಂಗಳದ ಹೂವಿನ ಚಿಟ್ಟೆಯನ್ನೂ ನೋಡಬಹುದು. ಹಕ್ಕಿ ಇಲ್ಲದ ನಡು ಮಧ್ಯಾಹ್ನಗಳಿಗೆ ಅದು ದೊಡ್ಡ ಸಂಪತ್ತು.

ಆರನೆಯ ಹೆಜ್ಜೆ: ಹಣದ ಲೆಕ್ಕ

ಬೆಲೆ ಏರಿಳಿಯುತ್ತಿರುತ್ತದೆ, ಅಂದಾಜು ಹೇಳುತ್ತೇನೆ. ಹತ್ತು ಸಾವಿರದ ಕೆಳಗೆ ನಮ್ಮ ಮಳೆಗೆ ತಾಳುವ ಒಳ್ಳೆಯ 8×42 ಸಿಗುವುದು ಅಪರೂಪ. ಹತ್ತರಿಂದ ಹದಿನೈದರೊಳಗೆ ಸೆಲೆಸ್ಟ್ರಾನ್ ನೇಚರ್ ಡಿಎಕ್ಸ್ ಇಂಥವನ್ನು ನೋಡಬಹುದು, ಮೊದಲ ಬೈನಾಕ್ಯುಲರಿಗೆ ಸಾಕು. ಇಪ್ಪತ್ತರಿಂದ ನಲವತ್ತರ ನಡುವೆ ಇ.ಡಿ. ಗಾಜು ಬರುತ್ತದೆ, ಮೊನಾರ್ಕ್, ಝೈಸ್ ಟೆರ್ರಾದಂತಹವು ಈ ಸುತ್ತಿನಲ್ಲಿ. ಕೊಟ್ಟ ಹಣಕ್ಕೆ ಅತಿ ಹೆಚ್ಚು ಪ್ರಯೋಜನ ಸಿಗುವುದು ಇಲ್ಲೇ ಎಂಬುದು ನನ್ನ ಅನುಭವ. ಅದರಾಚೆ ಸ್ವರೋವ್‌ಸ್ಕಿ, ಲೈಕಾದಂತಹವು ಲಕ್ಷದ ಲೆಕ್ಕ. ಒಮ್ಮೆ ಅಂಥದ್ದೊಂದನ್ನು ಗೆಳೆಯರಿಂದ ಪಡೆದು ನೋಡಿದ್ದೇನೆ. ಹಾರುವ ಮಿಂಚುಳ್ಳಿಯ ಬೆನ್ನಿನ ನೀಲಿ ಕಣ್ಣಿಗೆ ತಂಪಾಯಿತು. ಆದರೂ ಅಡಿಕೆ ಧಾರಣೆ ನೋಡಿ ಬದುಕುವ ಮನೆಗೆ ಮೂವತ್ತು ಸಾವಿರದ್ದು ಸಾಕು, ಇಪ್ಪತ್ತು ವರ್ಷ ಬರುತ್ತದೆ.

ಏಳನೆಯ ಹೆಜ್ಜೆ: ಕೈಯಲ್ಲಿ ಹಿಡಿದು ಪರೀಕ್ಷೆ

ಕಾಸರಗೋಡಿನಲ್ಲಿ ಆಯ್ಕೆ ಕಡಿಮೆ, ಮಂಗಳೂರಿಗೆ ಹೋಗಬೇಕಾದೀತು. ಆನ್‌ಲೈನಿನಲ್ಲಿ ತರಿಸುವುದಾದರೆ ಹಿಂದಿರುಗಿಸುವ ಅವಕಾಶ ಇರುವಲ್ಲಿಂದಲೇ ತರಿಸಿ, ಪೆಟ್ಟಿಗೆ ಬಂದ ದಿನವೇ ಈ ಪರೀಕ್ಷೆ ಮಾಡಿ. ಭಾರತದ ವಾರಂಟಿ ಕಾರ್ಡ್ ಇದೆಯೋ ನೋಡಿಕೊಳ್ಳಿ.

ಕೈ ಚಾಚಿ ಬೈನಾಕ್ಯುಲರನ್ನು ದೂರ ಹಿಡಿದು ಬೆಳಕಿನ ಕಡೆ ತಿರುಗಿಸಿ. ಸೂರ್ಯನ ಕಡೆ ಬೇಡ. ಬೈನಾಕ್ಯುಲರಿನಲ್ಲಿ ಸೂರ್ಯನನ್ನು ನೋಡಿದರೆ ಕಣ್ಣೇ ಹೋಗುತ್ತದೆ, ಮಕ್ಕಳಿಗೆ ಇದನ್ನು ಮೊದಲೇ ಹೇಳಿಕೊಡಿ. ಕಣ್ಣಿನ ಕಡೆಯ ಗಾಜಿನಲ್ಲಿ ಕಾಣುವ ಬೆಳಕಿನ ಬಿಲ್ಲೆ ದುಂಡಗೆ ಇರಬೇಕು. ಅಂಚು ಕತ್ತರಿಸಿದ ಹಾಗೆ ಚೌಕವಾಗಿ ಕಂಡರೆ ಪ್ರಿಸ್ಮಿನ ಗಾಜು ಕಳಪೆ.

ಮುಂದಿನ ಗಾಜಿನಲ್ಲಿ ಟ್ಯೂಬ್‌ಲೈಟಿನ ಪ್ರತಿಬಿಂಬ ನೋಡಿ. ಸಾಲಾಗಿ ಕಾಣುವ ಬಿಂಬಗಳು ಹಸಿರು, ನೇರಳೆ ಇದ್ದರೆ ಲೇಪ ಉಂಟು. ನಡುವೆ ಒಂದು ಬೆಳ್ಳಗೆ ಹೊಳೆದರೆ ಆ ಮೈಗೆ ಲೇಪ ಇಲ್ಲ. ಹಾಗೆಯೇ ಮೊಬೈಲ್ ಟಾರ್ಚನ್ನು ಮುಂದಿನಿಂದ ಹಾಯಿಸಿ ಒಳಗೆ ಧೂಳು, ಮಂಜು, ಬಲೆ ಇದೆಯೇ ನೋಡಿ.

ಆಮೇಲೆ ಅತಿ ಮುಖ್ಯವಾದದ್ದು. ದೂರದ ಹೆಂಚಿನ ಮಾಡಿನ ಮೂಲೆಗೆರೆಯನ್ನೋ ಕರೆಂಟು ತಂತಿಯನ್ನೋ ನೋಡುತ್ತಾ ಬೈನಾಕ್ಯುಲರನ್ನು ಕಣ್ಣಿನಿಂದ ಮೆಲ್ಲನೆ ಒಂದು ಗೇಣು ದೂರ ತನ್ನಿ. ಎರಡು ಬಿಂಬಗಳಲ್ಲಿ ಗೆರೆ ಒಂದೇ ಎತ್ತರದಲ್ಲಿ ಇರಬೇಕು. ಒಂದು ಮೇಲೆ, ಒಂದು ಕೆಳಗೆ ಇದ್ದರೆ ಕೊಳವೆಗಳ ನೇರ ತಪ್ಪಿದೆ. ಹತ್ತು ನಿಮಿಷದಲ್ಲಿ ತಲೆ ನೋಯಲು ಶುರುವಾಗುತ್ತದೆ. ಎಷ್ಟೇ ರಿಯಾಯಿತಿ ಕೊಟ್ಟರೂ ಬಿಟ್ಟುಬಿಡಿ.

ಹರಿತ ನೋಡಲು ನಮ್ಮಲ್ಲಿ ಒಂದು ಒಳ್ಳೆಯ ಸಾಧನ ಊರೂರಿಗೂ ಉಂಟು: ರಸ್ತೆ ಬದಿಯ, ಕಚೇರಿಗಳ ಮುಂದಿನ ಬಹುಭಾಷಾ ಬೋರ್ಡು. ಅದರಲ್ಲಿ ಕನ್ನಡದ ಸಾಲನ್ನು ನೋಡಿ. ತಲೆಕಟ್ಟು, ಕೊಂಬು, ಒತ್ತಕ್ಷರದ ಸಣ್ಣ ಸುರುಳಿ ಇವು ಬಿಡಿಸಿ ಕಾಣಬೇಕು. ಮೊದಲು ಅಕ್ಷರವನ್ನು ನೋಟದ ನಡುವೆ ಇಡಿ, ಆಮೇಲೆ ಅಂಚಿಗೆ ತನ್ನಿ. ಅಂಚಿನಲ್ಲಿ ಸ್ವಲ್ಪ ಮಸುಕಾಗುವುದು ಸಹಜ. ಅರ್ಧ ದಾರಿಯಲ್ಲೇ "ಷ್ಟ್ರ" ಕಲಸಿಹೋದರೆ ಒಳ್ಳೆಯದಲ್ಲ. ಸಾಧ್ಯವಿದ್ದರೆ ಈ ಪರೀಕ್ಷೆಯನ್ನು ಸಂಜೆ ಆರೂ ಮುಕ್ಕಾಲಕ್ಕೆ ಮಾಡಿ. ಹನ್ನೆರಡು ಗಂಟೆಯ ಬಿಸಿಲಲ್ಲಿ ಎಲ್ಲ ಬೈನಾಕ್ಯುಲರೂ ಚೆಂದವೇ.

ಎಂಟನೆಯ ಹೆಜ್ಜೆ: ನಿಮ್ಮ ಕಣ್ಣಿಗೆ ಹೊಂದಿಸಿ

ಒಳ್ಳೆಯದನ್ನೇ ಕೊಂಡು, ಹೊಂದಿಸಲು ತಿಳಿಯದೆ ಮಸುಕು ಎನ್ನುವವರನ್ನು ಬೇಕಾದಷ್ಟು ನೋಡಿದ್ದೇನೆ. ಮೊದಲು ಎರಡು ಕೊಳವೆಗಳನ್ನು ಮಡಚಿ, ಬಿಡಿಸಿ, ಎರಡು ವೃತ್ತ ಒಂದಾಗುವಲ್ಲಿ ನಿಲ್ಲಿಸಿ. ಬಲಗಡೆಯ ಮುಂದಿನ ಗಾಜನ್ನು ಅಂಗೈಯಿಂದ ಮುಚ್ಚಿ, ನಡುವಿನ ಚಕ್ರ ತಿರುಗಿಸಿ ಎಡಗಣ್ಣಿಗೆ ಬೋರ್ಡಿನ ಅಕ್ಷರ ಸ್ಪಷ್ಟ ಮಾಡಿಕೊಳ್ಳಿ. ಈಗ ಎಡಗಡೆ ಮುಚ್ಚಿ, ನಡುವಿನ ಚಕ್ರ ಮುಟ್ಟದೆ, ಬಲಗಣ್ಣಿನ ಬಳಿಯ ಡಯಾಪ್ಟರ್ ಉಂಗುರ ಮಾತ್ರ ತಿರುಗಿಸಿ ಅದೇ ಅಕ್ಷರ ಸ್ಪಷ್ಟ ಮಾಡಿ. ಆ ಉಂಗುರದ ಗುರುತು ನೆನಪಿಡಿ. ಇನ್ನು ಮುಂದೆ ಚಕ್ರ ಒಂದೇ ಸಾಕು. ಮನೆಯಲ್ಲಿ ಇನ್ನೊಬ್ಬರು ನೋಡಿ ಕೊಟ್ಟರೆ ಉಂಗುರವನ್ನು ಮತ್ತೆ ನಿಮ್ಮ ಗುರುತಿಗೆ ತನ್ನಿ.

ಆಟಿಯಲ್ಲಿ ಕಾಪಾಡುವುದು

ಜತೆಗೆ ಬಂದ ಚೀಲದಲ್ಲಿ ಮಳೆಗಾಲದಲ್ಲಿ ಇಡಬೇಡಿ. ಬಟ್ಟೆ, ಚರ್ಮ ತೇವ ಎಳೆದು ಹಿಡಿದುಕೊಳ್ಳುತ್ತವೆ. ಬಿಗಿಯಾದ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ, ಅದರೊಳಗೆ ಬಣ್ಣ ಬದಲಾಗುವ ಸಿಲಿಕಾ ಜೆಲ್. ನೀಲಿ ಹರಳು ನಸುಗೆಂಪಾದರೆ ತೇವ ಕುಡಿದು ತುಂಬಿತು ಎಂದರ್ಥ. ಅಡುಗೆಗೆ ಬಳಸದ ಹಳೆಯ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ, ಕಿಟಿಕಿ ತೆರೆದಿಟ್ಟು ಹುರಿದರೆ ಮತ್ತೆ ನೀಲಿಯಾಗುತ್ತದೆ. ಮಕ್ಕಳ ಕೈಗೆ ಸಿಗದಂತೆ ಇಡಿ. ಅಕ್ಕಿ ಡಬ್ಬಿಯಲ್ಲಿ ಹುದುಗಿಸುವ ಪದ್ಧತಿ ಬೇಡ, ಅಕ್ಕಿಯ ಹುಡಿ ಸಂದಿಗೆ ಸೇರುತ್ತದೆ. ಮಳೆಯಲ್ಲಿ ನೆನೆದು ಬಂದರೆ ಡಬ್ಬಿಗೆ ಹಾಕುವ ಮುಂಚೆ ಫ್ಯಾನಿನ ಗಾಳಿಯಲ್ಲಿ ಒಂದು ರಾತ್ರಿ ಬಿಡಿ.

ಗಾಜನ್ನು ಬೈರಾಸಿನ ತುದಿಯಿಂದ ಒರೆಸುವ ಅಭ್ಯಾಸ ನನಗೂ ಇತ್ತು. ಅದರಲ್ಲಿದ್ದ ಒಂದು ಮರಳ ಕಣ ಎಳೆದ ಗೀರು ನನ್ನ ಈಗಿನ ಬೈನಾಕ್ಯುಲರಿನಲ್ಲೂ ಉಂಟು. ಮೊದಲು ರಬ್ಬರ್ ಬುಡ್ಡೆಯಿಂದ ಗಾಳಿ ಊದಿ, ಮೃದು ಬ್ರಶ್ ಆಡಿಸಿ, ಕೊನೆಗೆ ಲೆನ್ಸ್ ದ್ರವ ಹಚ್ಚಿದ ಮೈಕ್ರೋಫೈಬರ್ ಬಟ್ಟೆ. ಕಡಲ ಬದಿಯಿಂದ ಬಂದ ದಿನ, ಅದು ಪೂರ್ತಿ ವಾಟರ್‌ಪ್ರೂಫ್ ಆಗಿದ್ದರೆ, ಸಿಹಿನೀರು ಮೆಲ್ಲನೆ ಹರಿಸಿ ಉಪ್ಪನ್ನು ತೊಳೆದುಬಿಡಿ.

ಮೊದಲ ಬೆಳಗ್ಗೆ

ಬೈನಾಕ್ಯುಲರಿನೊಳಗೆ ಹಕ್ಕಿ ಹುಡುಕಲು ಹೋಗಬೇಡಿ. ಬರಿಗಣ್ಣಿನಿಂದ ಹಕ್ಕಿಯನ್ನು ದಿಟ್ಟಿಸುತ್ತಾ, ದೃಷ್ಟಿ ಕದಲಿಸದೆ, ಬೈನಾಕ್ಯುಲರನ್ನು ಕಣ್ಣಿನ ಹತ್ತಿರ ಏರಿಸಿ. ಮೊದಲ ಕೆಲವು ದಿನ ಹಾರದ ವಸ್ತುವಿನ ಮೇಲೆ ಅಭ್ಯಾಸ ಮಾಡಿ: ಅಡಿಕೆ ಮರದ ಒಂದು ಗೊನೆ, ತೆಂಗಿನ ಮಡಲಿನ ತುದಿ. ಕೈ ನಡುಗಿದರೆ ಮರಕ್ಕೆ ಭುಜ ಒರಗಿಸಿ, ಮೊಣಕೈಗಳನ್ನು ಎದೆಗೆ ಒತ್ತಿಕೊಳ್ಳಿ. ನೆರೆಮನೆಯ ಅಂಗಳ, ತೋಡಿನಲ್ಲಿ ಬಟ್ಟೆ ಒಗೆಯುವ ಜಾಗದ ಕಡೆ ತಿರುಗಿಸಬೇಡಿ. ಒಬ್ಬರು ಹಾಗೆ ಮಾಡಿದರೆ ಊರಿನಲ್ಲಿ ಬೈನಾಕ್ಯುಲರ್ ಹಿಡಿದವರೆಲ್ಲರ ಮೇಲೂ ಅನುಮಾನ ಬರುತ್ತದೆ. ಗೂಡು ಕಂಡರೆ ದೂರದಿಂದಲೇ ನೋಡಿ, ತಾಯಿ ಹಕ್ಕಿ ಕೂಗಲು ಶುರು ಮಾಡಿದರೆ ಹಿಂದೆ ಸರಿಯಿರಿ.

ನಮ್ಮ ತೋಟದ ಕೆಲಸಕ್ಕೆ ಬರುವ ಅಣ್ಣ ಒಬ್ಬರಿದ್ದಾರೆ. ನಲವತ್ತು ವರ್ಷದಿಂದ ಈ ಗುಡ್ಡೆಯ ಹಕ್ಕಿಗಳನ್ನು ಕೂಗಿನಿಂದಲೇ ಗುರುತಿಸುವವರು. ಅವರ ಕೈಗೆ ಬೈನಾಕ್ಯುಲರ್ ಕೊಟ್ಟು, ಬಟ್ಟಲು ಇಳಿಸಿ, ಉಂಗುರ ತಿರುಗಿಸಿ ಕಾಸರಕನ ಮರ ತೋರಿಸಿದೆ. ಬಹಳ ಹೊತ್ತು ಮಾತಿಲ್ಲ. ಕೊನೆಗೆ ಕಣ್ಣಿನಿಂದ ತೆಗೆಯದೆಯೇ ಕೇಳಿದರು: "ಇದು ಬೀಜ ಉಗುಳುವುದು ಕಾಣ್ತದೆ ಮಾರಾಯ್ರೇ. ಎಷ್ಟು ಕೊಟ್ರಿ ಇದಕ್ಕೆ?"